ಶಾಸನಸಭೆಯ ಪ್ರಶ್ನೆಯೂ ನಮ್ಮೂರ ಶಾಲೆಯೂ

ಮಕ್ಕಳನ್ನು ಶಾಲೆಗೆ ಕಳುಹಿಸುವ ಹೊತ್ತಿನಲ್ಲಿ ನಮ್ಮೊಳಗೆ ಯಾರೊಬ್ಬರೂ ಶಾಸನಸಭೆಯನ್ನು ನೆನೆಯುವುದಿಲ್ಲ. ಪಾಟಿಚೀಲ ಸಿಕ್ಕಿತೇ, ತಲೆ ಬಾಚಿಯಾಯಿತೇ, ಗಂಟೆ ಹೊಡೆಯಿತೇ ಎಂಬಿಷ್ಟೇ ಮನೆಯವರ ಚಿಂತೆ. ಇದು ಸಹಜವೇ ಸರಿ. ಆದರೆ ಆ ಶಾಲೆಯಲ್ಲಿ ಉಪಾಧ್ಯಾಯರು ಎಷ್ಟು ಮಂದಿ ಇರತಕ್ಕದ್ದು, ಮಧ್ಯಾಹ್ನದ ಊಟ ಯಾರ ವೆಚ್ಚದಿಂದ ಬರತಕ್ಕದ್ದು, ಹೊಳೆಯ ನೀರಿಗೆ ಕುಸಿದ ಗೋಡೆಯನ್ನು ಯಾರು ಕಟ್ಟಿಸತಕ್ಕದ್ದು ಎಂಬುದೆಲ್ಲ ಊರೊಳಗೆ ನಿಶ್ಚಯವಾಗುವ ಸಂಗತಿಗಳಲ್ಲ. ಅವು ಜನಪ್ರತಿನಿಧಿಗಳು ಕೂಡಿದ ಸಭೆಗಳಲ್ಲಿ ಕಾಯಿದೆಯಾಗಿ, ಹಣದ ಮಂಜೂರಿಯಾಗಿ ಹುಟ್ಟಿ, ಬಹಳ ಕೈಗಳನ್ನು ದಾಟಿ ನಮ್ಮ ಬಾಗಿಲಿಗೆ ಬರುತ್ತವೆ. ಸರಕಾರವು ಮಕ್ಕಳಿಗಾಗಿ ಮಾಡುವೆನೆಂದುದನ್ನು ಮಾಡಿತೋ ಇಲ್ಲವೋ ಎಂದು ಕೇಳುವ ಅಧಿಕಾರವೂ ಆ ಸಭೆಗಳಿಗೇ ಉಂಟು. ಆ ಅಧಿಕಾರದ ಕಣ್ಣು ಎಲ್ಲಿಯವರೆಗೆ ಕಾಣಬಲ್ಲುದು, ಎಲ್ಲಿ ಕಾಣಲಾರದು ಎಂಬುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಅರಸನ ಅಪ್ಪಣೆ, ಸಭೆಯ ಮತ

ಈ ಸೀಮೆಯ ಇತಿಹಾಸದಲ್ಲಿಯೇ ಬೋಧಪ್ರದವಾದೊಂದು ವೈಚಿತ್ರ್ಯವಿದೆ. ನೂರು ವರ್ಷಗಳ ಹಿಂದೆ ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ನೆರೆಯ ರಾಯಬಾಗವು ಕೊಲ್ಹಾಪುರ ಸಂಸ್ಥಾನದ್ದಾಗಿದ್ದಿತು. 1911ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯೊಂದನ್ನು ಮಂಡಿಸಿದರು. ಅದರ ಬೇಡಿಕೆ ಬಹು ಸೌಮ್ಯವಾದದ್ದು. ಊರ ಮುನಸಿಪಾಲಿಟಿಗಳೂ ಲೋಕಲ್ ಬೋರ್ಡುಗಳೂ ಬಯಸಿದರೆ, ಸರಕಾರದ ಒಪ್ಪಿಗೆಯನ್ನು ಪಡೆದು, ತಮ್ಮ ಸೀಮೆಯೊಳಗೆ ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದು ಎಂದಿಷ್ಟೇ. ಸಭೆಯಲ್ಲಿ ಸರಕಾರಿ ಅಧಿಕಾರಿಗಳ ಸಂಖ್ಯೆಯೇ ಹೆಚ್ಚಾಗಿದ್ದಿತು. 1912ರ ಮಾರ್ಚ್ ತಿಂಗಳಲ್ಲಿ ಮಸೂದೆಯ ಪರವಾಗಿ 13, ವಿರುದ್ಧವಾಗಿ 38 ಮತಗಳು ಬಂದು ಅದು ಬಿದ್ದುಹೋಯಿತು. ಇತ್ತ ಕೊಲ್ಹಾಪುರದಲ್ಲಿ ಶಾಹು ಛತ್ರಪತಿಗಳು 1917ರಲ್ಲಿ ತಮ್ಮ ಸಂಸ್ಥಾನಕ್ಕೆಲ್ಲ ಪ್ರಾಥಮಿಕ ಶಿಕ್ಷಣವು ಕಡ್ಡಾಯವೂ ಉಚಿತವೂ ಆಗತಕ್ಕದ್ದೆಂದು ಕಾಯಿದೆ ಮಾಡಿದರು. ಮಕ್ಕಳನ್ನು ಕಳುಹಿಸದ ಪಾಲಕರಿಗೆ ದಂಡವನ್ನೂ ವಿಧಿಸಿದರು.

ಹೀಗೆ ಸಭೆಯಿದ್ದಲ್ಲಿ ಮಸೂದೆ ಬಿದ್ದಿತು, ಅರಸನಿದ್ದಲ್ಲಿ ಕಾಯಿದೆಯಾಯಿತು. ಇದನ್ನು ನೋಡಿ, ಸಭೆಗಳಿಂದ ಆಗುವುದೇನು ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅದಕ್ಕೆ ಸಮಾಧಾನವಿಷ್ಟು: ಅರಸನ ದಯೆಗೆ ಅರಸನ ಮನಸ್ಸೇ ಆಧಾರ, ಸಭೆಯಲ್ಲಿ ಸೋತ ಮಾತಿಗಾದರೋ ಮತ್ತೊಮ್ಮೆ ಏಳುವ ಹಕ್ಕುಂಟು. ಗೋಖಲೆಯವರು 1915ರಲ್ಲಿ ತೀರಿಕೊಂಡರು. ಅವರ ಮಾತು ತೀರಲಿಲ್ಲ. ವಿಠ್ಠಲಭಾಯಿ ಪಟೇಲರು ಅದನ್ನೇ ಮುಂಬಯಿ ಶಾಸನಸಭೆಯಲ್ಲಿ ಎತ್ತಿದರು. 1918ರಲ್ಲಿ ಮುನಸಿಪಾಲಿಟಿಗಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡುವ ಅಧಿಕಾರ ದೊರೆಯಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣದ ಕಾಯಿದೆಯು ಅದನ್ನು ಹಳ್ಳಿಗಳತ್ತಲೂ ವಿಸ್ತರಿಸಿತು.

ಹದಿನಾಲ್ಕು ಆಣೆಯ ಲೆಕ್ಕ

ಕಾಯಿದೆಯಾದ ಮಾತ್ರಕ್ಕೆ ಮಕ್ಕಳು ಕಲಿತರೆಂದಲ್ಲ. ಆದುದರಿಂದ ಸಭೆಯ ಎರಡನೆಯ ಕೆಲಸ ಲೆಕ್ಕ ಕೇಳುವುದು. ಸರಕಾರವನ್ನು ಪ್ರಶ್ನೆ ಕೇಳುವ ಹಕ್ಕು ನಮ್ಮ ದೇಶದ ಶಾಸನಸಭೆಗಳಿಗೆ 1892ರ ಕಾಯಿದೆಯಿಂದ ಬಂದಿತು; ಉತ್ತರವನ್ನು ಕೇಳಿದ ಮೇಲೆ ಮರುಪ್ರಶ್ನೆ ಹಾಕುವ ಹಕ್ಕು 1909ರಲ್ಲಿ ಬಂದಿತು. ಈ ಮರುಪ್ರಶ್ನೆಯೇ ಮುಖ್ಯವಾದದ್ದು. ಮೊದಲನೆಯ ಪ್ರಶ್ನೆಗೆ ಕಚೇರಿಯು ಉತ್ತರ ಬರೆದುಕೊಡಬಹುದು. ಎರಡನೆಯದಕ್ಕೆ ಮಂತ್ರಿಯೇ ಎದ್ದು ನಿಂತು ಹೇಳಬೇಕು.

ಲೆಕ್ಕ ಕೇಳುವುದೆಂದರೇನೆಂಬುದಕ್ಕೆ ಉತ್ತಮವಾದೊಂದು ನಿದರ್ಶನವು ಈ ಸೀಮೆಗೆ ಸಂಬಂಧಪಟ್ಟವರಿಂದಲೇ ದೊರೆಯುತ್ತದೆ. 1925ರಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತು ನೆರೆದಾಗ ಅದರ ಅಧ್ಯಕ್ಷರಾಗಿ ಬಂದವರು ಡಾ. ಭೀಮರಾವ್ ಅಂಬೇಡಕರರು. ಎರಡು ವರ್ಷಗಳ ತರುವಾಯ ಅವರು ಮುಂಬಯಿ ಶಾಸನಸಭೆಯ ಸದಸ್ಯರಾಗಿ, 1927ರ ಮಾರ್ಚ್ 12ರಂದು ಶಿಕ್ಷಣದ ಮಂಜೂರಿಯ ಮೇಲೆ ಮಾತಾಡಿದರು. ಪ್ರಾಥಮಿಕ ಶಾಲೆಯನ್ನು ಸೇರಿದ ನೂರು ಮಕ್ಕಳಲ್ಲಿ ನಾಲ್ಕನೆಯ ಇಯತ್ತೆಯನ್ನು ಮುಟ್ಟುವವರು ಹದಿನೆಂಟೇ ಮಂದಿ. ಉಳಿದ ಎಂಬತ್ತೆರಡು ಮಕ್ಕಳು ಮತ್ತೆ ನಿರಕ್ಷರತೆಗೆ ಮರಳುವರೆಂದು ಅವರು ಅಂಕಿಗಳಿಂದ ತೋರಿಸಿದರು. ಇನ್ನೂ ಒಂದು ಲೆಕ್ಕವನ್ನು ಸಭೆಯ ಮುಂದಿಟ್ಟರು: ಸರಕಾರವು ಶಿಕ್ಷಣಕ್ಕಾಗಿ ತಲೆಗೆ ಹದಿನಾಲ್ಕು ಆಣೆ ವೆಚ್ಚ ಮಾಡುತ್ತದೆ, ಅಬಕಾರಿಯಿಂದ ತಲೆಗೆ ಎರಡು ರೂಪಾಯಿಗೂ ಮಿಕ್ಕು ಎತ್ತುತ್ತದೆ. ಕುಡಿತದಿಂದ ಬಂದುದರಲ್ಲಿ ಅರ್ಧದಷ್ಟೂ ಮಕ್ಕಳ ಓದಿಗಿಲ್ಲವೆಂಬ ಮಾತನ್ನು ಯಾರಾದರೂ ವೇದಿಕೆಯ ಮೇಲೆ ಕೂಗಿದ್ದರೆ ಅದು ಗಾಳಿಗೆ ಹೋಗುತ್ತಿದ್ದಿತು. ಸಭೆಯಲ್ಲಿ ಅಂಕಿಯೊಡನೆ ಹೇಳಿದುದರಿಂದ ಅದು ದಾಖಲೆಯಾಗಿ ಉಳಿಯಿತು.

ಅದೇ ಮಹನೀಯರು 1948ರ ನವೆಂಬರ್ 23ರಂದು ಸಂವಿಧಾನ ರಚನಾ ಸಭೆಯಲ್ಲಿ ಮತ್ತೊಮ್ಮೆ ಮಕ್ಕಳ ಪರವಾಗಿ ನಿಂತರು. ಉಚಿತ ಶಿಕ್ಷಣವನ್ನು ಪ್ರಾಥಮಿಕಕ್ಕಷ್ಟೇ ಮಿತಿಗೊಳಿಸಬೇಕೆಂಬ ತಿದ್ದುಪಡಿಯು ಬಂದಿದ್ದಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದೆಂದು ನಾವೇ ಮತ್ತೊಂದು ವಿಧಿಯಲ್ಲಿ ಹೇಳಿದ್ದೇವೆ. ದುಡಿಮೆಯಿಂದ ಬಿಡಿಸಿದ ಮಗುವನ್ನು ಶಾಲೆಯಲ್ಲಿರಿಸದಿದ್ದರೆ ಅದು ಹೋಗುವುದೆಲ್ಲಿಗೆ ಎಂಬುದು ಅವರ ವಾದದ ಸಾರ. ಹದಿನಾಲ್ಕು ವರ್ಷವೇ ನಿಂತಿತು. ಕೆಲಸದಿಂದ ಬಿಡುಗಡೆಯೂ ಶಾಲೆಯ ಪ್ರವೇಶವೂ ಒಂದೇ ನಾಣ್ಯದ ಎರಡು ಮೈಗಳೆಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ನಿಪ್ಪಾಣಿಯ ಮಾತು ಬಂದಾಗ ಅದು ಬೇಕಾಗುವುದು.

ಹತ್ತು ವರ್ಷದ ಮಾತು

ಸಂವಿಧಾನವು ಹತ್ತು ವರ್ಷಗಳೊಳಗೆ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಒದಗಿಸಲು ಯತ್ನಿಸತಕ್ಕದ್ದೆಂದು ಸರಕಾರಕ್ಕೆ ಹೇಳಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಆ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. 1976ರ ತಿದ್ದುಪಡಿಯಿಂದ ಶಿಕ್ಷಣವು ಕೇಂದ್ರ, ರಾಜ್ಯಗಳೆರಡಕ್ಕೂ ಸೇರಿದ ವಿಷಯವಾಯಿತು. ಆದಕಾರಣ ಇಂದು ಒಂದೇ ಶಾಲೆಯ ಮೇಲೆ ದಿಲ್ಲಿಯ ಸಂಸತ್ತಿನ ಕಣ್ಣೂ ನಮ್ಮ ವಿಧಾನಮಂಡಲದ ಕಣ್ಣೂ ಇರುವುವು. ಚಿಕ್ಕೋಡಿ ಕ್ಷೇತ್ರದಿಂದ 1967 ಮೊದಲ್ಗೊಂಡು 1996ರವರೆಗೆ ಲೋಕಸಭೆಯಲ್ಲಿದ್ದ ಬಿ. ಶಂಕರಾನಂದರು 1980ರಲ್ಲಿ ಕೆಲವು ತಿಂಗಳು ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದರು. ಹೀಗೆ ಪ್ರಶ್ನೆಗೆ ಉತ್ತರ ಕೊಡುವ ಪೀಠದಲ್ಲಿ ಈ ಸೀಮೆಯ ಪ್ರತಿನಿಧಿಯೇ ಕುಳಿತಿದ್ದುದೂ ಉಂಟು.

ಆದರೂ ಹತ್ತು ವರ್ಷದ ಮಾತು ನೆರವೇರಲಿಲ್ಲ. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನಾಲ್ಕು ವರ್ಷದವರೆಗಿನ ಶಿಕ್ಷಣವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. 2009ರಲ್ಲಿ ಸಂಸತ್ತು ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಅಂಗೀಕರಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಗೋಖಲೆಯವರ ಮಸೂದೆ ಮಂಡನೆಯಾದಂದಿನಿಂದ ಎಣಿಸಿದರೆ ತೊಂಬತ್ತೊಂಬತ್ತು ವರ್ಷಗಳು!

ಪ್ರಶ್ನೆ ಕೇಳುವ ಬಗೆ

ಸದನವು ಸರಕಾರವನ್ನು ವಿಚಾರಿಸುವ ಬಗೆಗಳು ಹಲವು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನಿಂದ ಉತ್ತರಿಸಬೇಕು. ಅದರ ಮೇಲೆ ಮರುಪ್ರಶ್ನೆಗಳಿಗೆ ಅವಕಾಶವುಂಟು. ಲೋಕಸಭೆಯಲ್ಲಿ ದಿನಕ್ಕೆ ಇಂಥವು ಇಪ್ಪತ್ತು. ಚುಕ್ಕೆ ಗುರುತಿಲ್ಲದವುಗಳಿಗೆ ಬರಹದ ಉತ್ತರ. ಅಲ್ಲದೆ, ಗದ್ದಲವಿಲ್ಲದೆ ಕುಳಿತು ಕಾಗದಪತ್ರಗಳನ್ನು ಪರಿಶೀಲಿಸುವ ಸಮಿತಿಗಳಿವೆ. ಸಂಸತ್ತಿನಲ್ಲಿ 1993ರಿಂದ ಇಲಾಖೆಗಳಿಗೆ ತಕ್ಕ ಸ್ಥಾಯೀ ಸಮಿತಿಗಳು ಏರ್ಪಟ್ಟಿವೆ. ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ವಿಷಯಗಳಿಗೆ ಒಂದು ಸಮಿತಿಯಿದೆ. ನಮ್ಮ ವಿಧಾನಮಂಡಲದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಮಿತಿಯೂ, ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ಬೆನ್ನುಹತ್ತಿ ನೋಡುವ ಸರಕಾರಿ ಭರವಸೆಗಳ ಸಮಿತಿಯೂ ಇವೆ. ವೆಚ್ಚವಾದ ಹಣವನ್ನು ಲೆಕ್ಕ ಪರಿಶೋಧಕರ ವರದಿಯೊಡನೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ತೂಗಿ ನೋಡುವುದು. ಇದೆಲ್ಲವೂ ಬೆಂಗಳೂರಿನ ದೂರದಲ್ಲಿ ನಡೆಯುವುದೆಂಬ ಕೊರಗು ಈ ಸೀಮೆಗೆ ಬಹುಕಾಲ ಇದ್ದಿತು. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಅಧಿವೇಶನ ನೆರೆಯಿತು. 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧವೂ ಉದ್ಘಾಟನೆಯಾಯಿತು. ಇಂದು ಅಥಣಿಯ ಪಾಲಕನು ತನ್ನ ಶಾಲೆಯ ಪ್ರಶ್ನೆಗೆ ಮಂತ್ರಿಗಳು ಏನು ಹೇಳುವರೆಂಬುದನ್ನು ತನ್ನ ಜಿಲ್ಲೆಯಲ್ಲಿಯೇ ಕೇಳುವ ಸಂದರ್ಭಗಳುಂಟು.

ಬೀಡಿಯ ಮೊರದ ಮುಂದೆ

ಇಷ್ಟೆಲ್ಲ ಕಣ್ಣುಗಳಿದ್ದರೂ ಕಾಣದ ಎಡೆಯೊಂದಿದೆ. ಅದು ಮನೆಯ ಹೊಸ್ತಿಲ ಒಳಗು. ನಿಪ್ಪಾಣಿಯ ಹೆಸರು ತಂಬಾಕಿನಿಂದ ದೇಶಕ್ಕೆಲ್ಲ ಪರಿಚಿತವಾದದ್ದು. 1980ರ ಸುಮಾರಿಗೆ ಅಲ್ಲಿಯ ತಂಬಾಕಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದ ಕಥೆಯು 1982ರಲ್ಲಿ ಚಲಚ್ಚಿತ್ರವಾಗಿಯೂ ಮೂಡಿತು. ಕಾರ್ಖಾನೆಯ ಒಳಗೆ ಮಗುವನ್ನು ದುಡಿಸಬಾರದೆಂದು 1966ರ ಬೀಡಿ ಕೆಲಸಗಾರರ ಕಾಯಿದೆಯು ಹೇಳಿದ್ದಿತು. 1976ರಲ್ಲಿ ಅವರಿಗಾಗಿ ಕಲ್ಯಾಣನಿಧಿಯೂ ಏರ್ಪಟ್ಟಿತು. ಅದರಿಂದ ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯುವಂತಾಯಿತು. ಆ ನಿಧಿಯನ್ನು ತುಂಬುತ್ತಿದ್ದ ಬೀಡಿಯ ಮೇಲಿನ ಸೆಸ್ಸು 2017ರಲ್ಲಿ ರದ್ದಾದ ಮೇಲೆ ಅಂಥ ನೆರವು ವರ್ಷವರ್ಷದ ಆಯವ್ಯಯವನ್ನೇ ನೆಚ್ಚಬೇಕಾಯಿತು. ಎಂದರೆ ಅದು ಉಳಿಯುವುದೂ ಬೆಳೆಯುವುದೂ ಸಂಸತ್ತಿನಲ್ಲಿ ಕೇಳುವವರಿದ್ದರೆ ಮಾತ್ರ.

ಆದರೆ ಬೀಡಿಯ ಸುತ್ತುವಿಕೆ ನಡೆಯುವುದು ಬಹುಮಟ್ಟಿಗೆ ಕಾರ್ಖಾನೆಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ತಾಯಿಯು ಮೊರವನ್ನು ತೊಡೆಯ ಮೇಲಿಟ್ಟು ಕುಳಿತರೆ, ಎಲೆ ಕತ್ತರಿಸಿಕೊಡಲು, ಕಟ್ಟಿಗೆ ದಾರ ಸುತ್ತಲು ಮಗಳ ಪುಟ್ಟ ಕೈಗಳು ತಾವಾಗಿ ಬರುವುವು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಕೈ ಹೆಚ್ಚಿದರೆ ಕೂಲಿ ಹೆಚ್ಚು. 1986ರ ಬಾಲದುಡಿಮೆಯ ಕಾಯಿದೆಯು ಬೀಡಿ ಕಟ್ಟುವುದನ್ನು ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತಾದರೂ ಕುಟುಂಬದವರೇ ನಡೆಸುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಆ ಕಾಯಿದೆಯನ್ನು ಬಿಗಿಗೊಳಿಸಲು ತಿದ್ದುಪಡಿಯು ಬಂದಾಗ ಸಂಸತ್ತಿನ ಕಾರ್ಮಿಕ ವಿಷಯಗಳ ಸ್ಥಾಯೀ ಸಮಿತಿಯು ಅದನ್ನು ಪರಿಶೀಲಿಸಿ 2013ರ ಡಿಸೆಂಬರಿನಲ್ಲಿ ವರದಿ ಸಲ್ಲಿಸಿತು. ಶಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ಮನೆಯ ಉದ್ಯೋಗದಲ್ಲಿ ನೆರವಾಗಬಹುದೆಂಬ ವಿನಾಯಿತಿಯನ್ನು ಕೈಬಿಡಬೇಕು. ಮಗು ನೆರವಾಗುತ್ತಿದೆಯೋ ಸಂಪಾದನೆಗಾಗಿ ದುಡಿಯುತ್ತಿದೆಯೋ ಎಂಬುದನ್ನು ಕಂಡುಹಿಡಿಯುವುದು ಕಷ್ಟ ಎಂಬುದು ಸಮಿತಿಯ ಎಚ್ಚರಿಕೆ. ಅದು ನಿಪ್ಪಾಣಿಯ ಪಡಸಾಲೆಯನ್ನು ಕಂಡೇ ಬರೆದಂತಿದೆ. ಆದರೆ 2016ರ ಜುಲೈನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಲ್ಲಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಎಲ್ಲ ದುಡಿಮೆಯನ್ನೂ ನಿಷೇಧಿಸಿದರೂ, ಅಪಾಯಕರವೆಂದು ಹೇಳಿರದ ಮನೆಯ ಉದ್ಯೋಗಕ್ಕೆ ವಿನಾಯಿತಿಯು ಉಳಿದೇಹೋಯಿತು.

ಅಪಾಯಕರ ಕೆಲಸಗಳ ಪಟ್ಟಿಯಲ್ಲಿ ಏನನ್ನೇ ಸೇರಿಸಲಿ, ಸಂಜೆಯ ಆರರ ಮೇಲೆ ಪ್ರತಿಯೊಂದು ಮನೆಯ ಕದ ತಟ್ಟಿ ನೋಡುವ ಅಧಿಕಾರಿ ಯಾವ ಸರಕಾರದಲ್ಲಿಯೂ ಇಲ್ಲ. ಅಥಣಿಯ ಕಡೆಯ ಚಪ್ಪಲಿಯ ಕಸಬಿಗೂ ಇದೇ ಮಾತು ಸಲ್ಲುವುದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ತಂದೆಯಿಂದ ಮಗನು ಕಸಬು ಕಲಿಯುವುದು ದೋಷವಲ್ಲ. ಕಸಬು ಕಲಿತು ಅಕ್ಷರ ಮರೆತರೆ ಅದು ದೋಷ. ಬಡತನದ ಮನೆಯನ್ನು ಇದಕ್ಕಾಗಿ ಹಳಿಯುವುದೂ ನ್ಯಾಯವಲ್ಲ. ತಾಯಿಯ ಸಾವಿರ ಬೀಡಿಗೆ ತಕ್ಕ ಕೂಲಿ ದೊರೆತರೆ ಮಗಳ ಕೈ ಬೇಕಾಗುವುದಿಲ್ಲ. ಕೂಲಿಯ ಪ್ರಶ್ನೆಯನ್ನು ಬಿಟ್ಟು ಶಾಲೆಯ ಪ್ರಶ್ನೆಯನ್ನು ಮಾತ್ರ ಕೇಳುವ ಸದಸ್ಯರು ಅರ್ಧ ಪ್ರಶ್ನೆಯನ್ನೇ ಕೇಳಿದಂತೆ.

ಕಬ್ಬಿನ ಗಾಡಿ, ಹೊಳೆಯ ನೀರು

ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪನೆಯಾಯಿತು. ತರುವಾಯ ಕೃಷ್ಣೆಯ ದಂಡೆಯೆಲ್ಲ ಕಬ್ಬಿನ ಸೀಮೆಯಾಯಿತು. ಹಂಗಾಮು ಬಂದೊಡನೆ ದೂರದ ಒಣಸೀಮೆಗಳಿಂದ ಕಬ್ಬು ಕಡಿಯುವವರು ಸಂಸಾರಸಹಿತ ಬಂದು ಗುಡಿಸಲು ಹಾಕುವರು. ಅವರ ಮಕ್ಕಳ ಹೆಸರು ಒಂದೂರಿನ ಹಾಜರಿಪುಸ್ತಕದಲ್ಲಿ. ಮಕ್ಕಳಿರುವುದು ಮತ್ತೊಂದೂರಿನ ಕಬ್ಬಿನ ಗದ್ದೆಯ ಅಂಚಿನಲ್ಲಿ. ದಾಖಲಾದ ಮಕ್ಕಳೆಷ್ಟೆಂದು ಸದನದಲ್ಲಿ ಕೇಳಿದರೆ ಉತ್ತರವು ಚೆನ್ನಾಗಿಯೇ ಬರುವುದು, ಏಕೆಂದರೆ ಹೆಸರು ಪುಸ್ತಕದಲ್ಲಿದೆ. ಜನವರಿಯ ಒಂದು ಸೋಮವಾರ ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿದವರೆಷ್ಟೆಂದು ಕೇಳಿದರೆ ಬೇರೆಯೇ ಉತ್ತರ ಬಂದೀತು. ವಲಸೆ ಬಂದ ಮಕ್ಕಳಿಗೆ ತಾತ್ಕಾಲಿಕ ಶಾಲೆ, ಅಥವಾ ಊರಲ್ಲೇ ಉಳಿಯುವವರಿಗೆ ಹಂಗಾಮಿನ ವಸತಿಗೃಹ ಎಂಬ ಏರ್ಪಾಡುಗಳಿಗೆ ಅವಕಾಶವುಂಟು. ಅವು ಹಂಗಾಮು ಆರಂಭವಾಗುವ ಮೊದಲೇ ಸಿದ್ಧವಾದುವೇ ಎಂಬುದೇ ಕೇಳತಕ್ಕ ಪ್ರಶ್ನೆ.

ಹೊಳೆಯೂ ತನ್ನ ಪಾಲಿನ ಕಷ್ಟವನ್ನು ಕೊಟ್ಟಿದೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ದಂಡೆಯ ಹಳ್ಳಿಗಳನ್ನು ನುಂಗಿದುವು. ಮುಳುಗಿದ ಊರಿನ ಶಾಲೆ ನೀರೊಳಗೆ; ಮುಳುಗದ ಊರಿನ ಶಾಲೆ ನಿರಾಶ್ರಿತರ ಕಾಳಜಿ ಕೇಂದ್ರ. ಹೀಗೆ ಎರಡು ಕಡೆಯೂ ಪಾಠ ನಿಂತಿತು. ಮನೆ ಬಿದ್ದವರಿಗೆ ಪರಿಹಾರವೆಷ್ಟೆಂದು ಸದನದಲ್ಲಿ ಬಹಳ ಮಾತಾಯಿತು; ಅದು ಆಗಬೇಕಾದದ್ದೇ. ಆದರೆ ಕಾಯಿದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕೆಂದಿದೆ. ನೀರಿಗೆ ಹೋದ ದಿನಗಳನ್ನು ಮಕ್ಕಳಿಗೆ ಹೇಗೆ ತಿರುಗಿ ಕೊಟ್ಟಿರೆಂಬ ಪ್ರಶ್ನೆಯೂ ಮನೆಯ ಪರಿಹಾರದಷ್ಟೇ ತೂಕದ್ದು.

ಎರಡು ನುಡಿಯ ಮಕ್ಕಳು

ಗಡಿಸೀಮೆಯಾದುದರಿಂದ ನುಡಿಯ ವಿಚಾರವೂ ಬರುವುದು. ನಿಪ್ಪಾಣಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳು ಬಹಳ. ಗಡಿಯಾಚೆಯ ಜತ್ತ, ಅಕ್ಕಲಕೋಟಗಳಲ್ಲಿ ಕನ್ನಡದ ಮಕ್ಕಳು ಬಹಳ. ದೊಡ್ಡವರ ಗಡಿವಾದಗಳೇನೇ ಇರಲಿ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಸುವ ಅನುಕೂಲವನ್ನು ಒದಗಿಸಲು ಯತ್ನಿಸತಕ್ಕದ್ದೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಹೇಳುವುದು. ಅದರ ಪಾಲನೆಯನ್ನು ನೋಡಲು ಆಯುಕ್ತರೊಬ್ಬರಿರತಕ್ಕದ್ದು, ಅವರ ವರದಿಗಳು ಸಂಸತ್ತಿನ ಎರಡೂ ಸದನಗಳ ಮುಂದೆ ಬರತಕ್ಕದ್ದೆಂದು ಮುಂದಿನ ವಿಧಿಯಿದೆ. ಇಲ್ಲಿಯ ಮರಾಠಿ ಶಾಲೆಗೆ ಉಪಾಧ್ಯಾಯರಿದ್ದಾರೆಯೇ ಎಂದು ನಮ್ಮ ಸದನದಲ್ಲಿ ಕೇಳುವವರೇ ಅಲ್ಲಿಯ ಕನ್ನಡ ಶಾಲೆಗೆ ಉಪಾಧ್ಯಾಯರಿದ್ದಾರೆಯೇ ಎಂದು ಗಟ್ಟಿಯಾಗಿ ಕೇಳಬಲ್ಲರು. ಒಂದು ಮಗುವಿನ ಹಕ್ಕನ್ನು ಮನ್ನಿಸಿದವನಿಗೆ ಇನ್ನೊಂದು ಮಗುವಿನ ಹಕ್ಕನ್ನು ಕೇಳಲು ಬಾಯಿ ಬರುವುದು.

ಗೃಹಸ್ಥರ ಪಾಲು

ವಾಚಕ ಮಹಾಶಯರೇ, ಸದನದ ಸದಸ್ಯರು ಸರ್ವಜ್ಞರಲ್ಲ. ಅವರು ಕೇಳುವ ಪ್ರಶ್ನೆಗೆ ಹುರುಳು ಬರುವುದು ಊರಿನಿಂದ ಹೋದ ನಿಜವಾದ ಲೆಕ್ಕದಿಂದ. ಆ ಲೆಕ್ಕವನ್ನು ಕೂಡಿಸುವುದು ಕಷ್ಟದ ಕೆಲಸವಲ್ಲ. ಹೆಂಗಸರೂ ಗಂಡಸರೂ ಮಾಡಬಲ್ಲರು. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರತಕ್ಕದ್ದು, ಅರ್ಧದಷ್ಟು ಮಂದಿ ಸ್ತ್ರೀಯರಾಗಿರತಕ್ಕದ್ದು ಎಂದು ಕಾಯಿದೆಯೇ ಹೇಳಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂದು ಹೆಸರು. ಅದರ ಸಭೆಗೆ ಹೋಗಿ ರುಜು ಹಾಕಿ ಬರುವುದಷ್ಟೇ ಅಲ್ಲ, ಕೆಲವು ಸಂಗತಿಗಳನ್ನು ಎಣಿಸಿ ಬರಬೇಕು.

ಮೊದಲನೆಯದು ಉಪಾಧ್ಯಾಯರ ಸಂಖ್ಯೆ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಇರಲೇಬೇಕು. ಎರಡನೆಯದು, ಅವರು ಪಾಠಕ್ಕೆ ಇರುವರೇ ಎಂಬುದು. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವನ್ನು ಬಿಟ್ಟು ಅನ್ಯ ಕೆಲಸಗಳಿಗೆ ಅವರನ್ನು ಕಳುಹಿಸುವಂತಿಲ್ಲ. ಮೂರನೆಯದು ಊಟ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿದ ತರುವಾಯ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವು ಬಂದಿತು; 2013ರ ಆಗಸ್ಟಿನಿಂದ ಹಾಲೂ ಬಂದಿತು. ಕೆಳಗಿನ ಐದು ತರಗತಿಗಳ ಮಗುವಿಗೆ ದಿನಕ್ಕೆ 100 ಗ್ರಾಂ, ಮೇಲಿನ ಮೂರು ತರಗತಿಗಳ ಮಗುವಿಗೆ 150 ಗ್ರಾಂ ಧಾನ್ಯವೆಂಬುದು ನಿಯಮ. ಮನೆಯಲ್ಲಿ ಅಕ್ಕಿ ಅಳೆದು ಬಲ್ಲ ಗೃಹಿಣಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ನಾಲ್ಕನೆಯದು, ಹೆಸರು ದಾಖಲಾಗಿ ಬಾರದಿರುವ ಮಕ್ಕಳೆಷ್ಟು, ಅವರು ಎಲ್ಲಿರುವರು ಎಂಬುದು.

ಈ ನಾಲ್ಕು ಸಂಗತಿಗಳನ್ನು ತಾರೀಖಿನೊಡನೆ ಒಂದು ಕಾಗದದಲ್ಲಿ ಬರೆದು ಶಾಸಕರಿಗೆ ಕೊಡಬಹುದು. ಅಧಿವೇಶನಕ್ಕೆ ಸಾಕಷ್ಟು ಮುಂಚಿತವಾಗಿ ಕೊಟ್ಟರೆ ಅದು ಪ್ರಶ್ನೆಯಾಗಬಹುದು. ಕಚೇರಿಯು ಲೆಕ್ಕ ಹೇಳಲೊಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಇಷ್ಟಲ್ಲದೆ ವಿಧಾನಮಂಡಲದಲ್ಲಿ ಜನರ ಮನವಿಗಳನ್ನು ನೋಡುವ ಅರ್ಜಿಗಳ ಸಮಿತಿಯಿದೆ. ಗ್ರಾಮಪಂಚಾಯಿತಿಗಳಲ್ಲಿ ಮಕ್ಕಳೇ ತಮ್ಮ ಕಷ್ಟ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆಯೆಂಬ ಏರ್ಪಾಡಿದೆ.

ಮನೆಯ ಒಳಗಿನ ಮಾತು ಉಳಿಯಿತು. ಅಲ್ಲಿ ಪ್ರಶ್ನೋತ್ತರ ವೇಳೆಯಿಲ್ಲ, ಸಮಿತಿಯಿಲ್ಲ. ಮೊರದ ಮುಂದೆ ಕುಳಿತ ಮಗಳನ್ನು ಸಂಜೆ ಏಳು ಗಂಟೆಗೆ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸುವ ಅಧಿಕಾರವು ತಂದೆತಾಯಿಗಳದು ಮಾತ್ರ. ಅಷ್ಟು ಹೊತ್ತು ಅವಳನ್ನು ಬಿಟ್ಟುಕೊಡುವ ಶಕ್ತಿ ಆ ಮನೆಗೆ ಬರುವಂತೆ ಕೂಲಿಯನ್ನೂ ವೇತನವನ್ನೂ ವಿದ್ಯಾರ್ಥಿವೇತನವನ್ನೂ ಕೇಳಿ ಪಡೆಯುವುದು ಸದನದ ಕೆಲಸ. ಮುಂದಿನ ಅಧಿವೇಶನವು ಬೆಳಗಾವಿಯಲ್ಲಿ ನೆರೆಯುವುದರೊಳಗೆ ಈ ಐದು ತಾಲೂಕುಗಳ ಒಂದೊಂದು ಶಾಲೆಯಿಂದ ಒಂದೊಂದು ಕಾಗದವಾದರೂ ಹೊರಡಲಿ.